ರೋಲ್ ನಂಬರ್ ಎಂಬತ್ತೇಳು

ಫೆಬ್ರವರಿ 3, ಮಂಗಳವಾರ

ಸರ್ಜರಿ ಮುಗಿಯಿತು, ಬದುಕಿಕೊಂಡೆ. ಇನ್ನು ಮೂರು ತಿಂಗಳು ಸಮುದಾಯ ಆರೋಗ್ಯ ವಿಭಾಗ. ಇಂಟರ್ನ್‌ಗಳೆಲ್ಲ ಬಾಯಿಬಿಟ್ಟುಕೊಂಡು ಕಾಯುವುದು ಇದಕ್ಕೇ. ಒಂಬತ್ತಕ್ಕೆ ಹೋಗಿ ಒಂದಕ್ಕೆ ಹೊರಡಬಹುದು, ಉಳಿದ ಹೊತ್ತು ಪೀಜಿ ಪರೀಕ್ಷೆಗೆ ಓದಬಹುದು. ದಿನಕ್ಕೆ ಇನ್ನೂರು ಪ್ರಶ್ನೆ ಬಿಡಿಸುವುದೆಂದು ತೀರ್ಮಾನ. ಇವತ್ತು ಬಿಡಿಸಿದ್ದು ಮೂವತ್ತೊಂದು. ಆಮೇಲೆ ಪುಸ್ತಕದ ಮೇಲೆಯೇ ನಿದ್ದೆ.

ಈ ಪುಸ್ತಕವನ್ನು ಕನ್ನಡದಲ್ಲಿ ಬರೆಯುವುದು ಭಾಷೆಯ ಮೇಲಿನ ಪ್ರೀತಿಯಿಂದ ಅಂತ ಯಾರೂ ತಿಳಿಯಬೇಕಾಗಿಲ್ಲ. ಡೊಂಬಿವಲಿಯ ಕನ್ನಡ ಶಾಲೆಯಲ್ಲಿ ಏಳನೆಯವರೆಗೆ ಓದಿದ್ದರಿಂದ ಸಿಕ್ಕಿದ ಲಾಭ ಇದೊಂದೇ, ನಮ್ಮ ಬ್ಯಾಚಿನಲ್ಲಿ ಇದು ಒಬ್ಬರಿಗೂ ಓದಲು ಬಾರದು. ಮನೆಯಲ್ಲಿ ತುಳು ಮಾತಾಡುವ ತಮ್ಮ ರಿತೇಶನಿಗೂ ಬಾರದು.

ಗುರಿ ರೇಡಿಯಾಲಜಿ. ಒಂದು ಕತ್ತಲೆ ಕೋಣೆ, ಎಸಿ, ಪರದೆ. ರೋಗಿಯ ಮುಖ ನೋಡಬೇಕಾಗಿಲ್ಲ, ನೆಂಟರ ಪ್ರಶ್ನೆಗೆ ಉತ್ತರ ಕೊಡಬೇಕಾಗಿಲ್ಲ. ಪೀಜಿ ಪರೀಕ್ಷೆಗೆ ಕೂರಲು ಇಂಟರ್ನ್‌ಶಿಪ್ ಇಂಥ ದಿನದೊಳಗೆ ಮುಗಿದಿರಬೇಕೆಂಬ ನಿಯಮ ಇದೆಯಲ್ಲ, ಆ ದಿನಕ್ಕೂ ನನ್ನದು ಮುಗಿಯುವ ದಿನಕ್ಕೂ ನಡುವೆ ಇರುವುದು ಹನ್ನೊಂದೇ ದಿನ. ಎಲ್ಲೂ ರಜೆ ಹಾಕುವಂತಿಲ್ಲ, ಜ್ವರ ಬರುವಂತಿಲ್ಲ. ತಪ್ಪಿದರೆ ಪೂರಾ ಒಂದು ವರ್ಷ ಹೋಯಿತು.

ಫೆಬ್ರವರಿ 10, ಮಂಗಳವಾರ

ಬೆಳಿಗ್ಗೆ ಆರೂವರೆಯ ಲೋಕಲ್‌ನಲ್ಲಿ ಠಾಣೆಗೆ, ಅಲ್ಲಿ ಸೇತುವೆ ಹತ್ತಿಳಿದು ನವಿ ಮುಂಬಯಿಯ ಲೋಕಲ್‌ಗೆ. ನಿಂತೇ ನಿದ್ದೆ ಮಾಡುವ ವಿದ್ಯೆ ಕೈವಶವಾಗಿದೆ.

ಮಂಗಳವಾರ ಆರೋಗ್ಯ ಕೇಂದ್ರದಲ್ಲಿ ಬಿಪಿ-ಶುಗರ್ ಕ್ಲಿನಿಕ್ಕು. ಎಂಬತ್ತು ಜನ, ತಲಾ ಒಂದು ನಿಮಿಷ. ಚಂದ್ರಬಾಯಿ ಎಂಬ ಮುದುಕಿ ಬಂದು ಕೂತರೆ ಏಳುವುದೇ ಇಲ್ಲ. ಸೊಸೆ ಉಪ್ಪು ಹಾಕುವುದು, ಮೊಮ್ಮಗ ಮಾತು ಬಿಟ್ಟಿರುವುದು, ಮೊಣಕಾಲು, ಮತ್ತೆ ಸೊಸೆ. ಮಾತ್ರೆ ಬರೆದು ಚೀಟಿಯನ್ನು ಅವಳ ಕೈಗೆ ತುರುಕಿ ಮುಂದಿನವರನ್ನು ಕರೆದೆ. ಅವಳು ಇನ್ನೂ ಮಾತಾಡುತ್ತಲೇ ಎದ್ದು ಹೋದಳು. ಇಂಥವರಿಂದಲೇ ನಾನು ರೇಡಿಯಾಲಜಿ ಬಯಸುವುದು.

ಪ್ರಶ್ನೆ: ತೊಂಬತ್ತು. ಪರವಾಗಿಲ್ಲ.

ಫೆಬ್ರವರಿ 12, ಗುರುವಾರ

ತವರುಮನೆ ಅಂದುಕೊಂಡಿದ್ದ ವಿಭಾಗದಲ್ಲಿ ಅಪರ್ಣಾ ಮೇಡಂ ಇದ್ದಾರೆಂದು ಯಾರೂ ಹೇಳಿರಲಿಲ್ಲ. ಮೂರನೇ ವರ್ಷದ ಪೀಜಿ, ಥೀಸಿಸ್ ಒಪ್ಪಿಸಲು ತಿಂಗಳು ಉಳಿದಿದೆ. ವಿಷಯ ಕೇಳಿದರೆ ನಗು ಬರುತ್ತದೆ: ವೈದ್ಯಕೀಯ ವಿದ್ಯಾರ್ಥಿಗಳು ಈ ವೃತ್ತಿಗೆ ಏಕೆ ಬರುತ್ತಾರೆ, ಮುಂದಿನ ಬದುಕಿನ ಬಗ್ಗೆ ಏನೆಂದುಕೊಂಡಿದ್ದಾರೆ. ಮೂರು ಪುಟದ ಫಾರ್ಮು. ನಲವತ್ತು ಸಾಲು, ಪ್ರತಿಯೊಂದಕ್ಕೂ ಒಂದರಿಂದ ಐದರವರೆಗೆ ಗುರುತು. ಐದು ಎಂದರೆ ಪೂರ್ತಿ ಒಪ್ಪಿಗೆ. ಕೊನೆಗೆ ಒಂದು ಖಾಲಿ ಜಾಗ, ‘ವೈದ್ಯರಾಗಬೇಕೆಂದು ನಿಮಗೆ ಅನ್ನಿಸಿದ್ದೇಕೆ, ನಿಮ್ಮ ಮಾತಿನಲ್ಲಿ ಬರೆಯಿರಿ’ ಎಂದು. ಮೇಲೆ ‘ಗೋಪ್ಯ’ ಎಂದು ದಪ್ಪಕ್ಷರದಲ್ಲಿದೆ. ಅದರ ಕೆಳಗೇ ರೋಲ್ ನಂಬರ್ ಕೇಳಿದ್ದಾರೆ.

ನಾನೂ ಲತೀಶನೂ ಎರಡನೇ ವರ್ಷದವರಿಂದ ಇದನ್ನು ತುಂಬಿಸಿ ತರಬೇಕು. ಲತೀಶ ನನ್ನ ಜೊತೆಯ ಇಂಟರ್ನ್, ಠಾಣೆಯ ವರ್ತಕ ನಗರದವನು, ನನ್ನಪ್ಪ ಮ್ಯಾನೇಜರ್ ಆಗಿರುವ ಹೋಟೆಲಿಗೇ ಇಡ್ಲಿ ತಿನ್ನಲು ಹೋಗುವವನು. ಅಪರ್ಣಾ ಮೇಡಂ ಕಣ್ಣ ಕೆಳಗೆ ಕಪ್ಪು ಕಟ್ಟಿಕೊಂಡು, “ಇನ್ನೂರಿಪ್ಪತ್ತು ಬೇಕು. ಒಂದು ಕಮ್ಮಿಯಾದರೂ ಗೈಡ್ ವಾಪಸ್ ಕಳಿಸ್ತಾರೆ. ಪ್ಲೀಸ್” ಎಂದರು. ಬೈದಿದ್ದರೆ ಸುಲಭವಾಗಿರುತ್ತಿತ್ತು.

ಫೆಬ್ರವರಿ 19, ಗುರುವಾರ

ಬಂದದ್ದು ನೂರ ಅರವತ್ತಮೂರು. ಉಳಿದವರ ಬೆನ್ನು ಹತ್ತಿ ಸಾಕಾಯಿತು. ಒಬ್ಬಳು ಫಾರ್ಮಿನ ಹಿಂದೆ ಕಿಡ್ನಿಯ ಚಿತ್ರ ಬರೆದು ಕೊಟ್ಟಳು.

ಮಧ್ಯಾಹ್ನ ಲತೀಶ ಐದು ಬಣ್ಣದ ಪೆನ್ನು ತಂದು ಮೇಜಿನ ಮೇಲೆ ಹರಡಿದ. “ನಡಿ, ಕೂತ್ಕೋ. ಪ್ರತಿ ಬ್ಯಾಚೂ ಹೀಗೇ ಮಾಡೋದು. ಐವತ್ತೇಳು ಇದೆ, ನನಗೆ ಇಪ್ಪತ್ತೆಂಟು, ನಿನಗೆ ಇಪ್ಪತ್ತೊಂಬತ್ತು. ಪೆನ್ ಬದಲಾಯಿಸ್ತಾ ಇರು, ಬಸ್.” ಹಾಜರಿ ಪುಸ್ತಕದಿಂದ ಫಾರ್ಮ್ ಕೊಡದವರ ನಂಬರ್ ಆರಿಸಿಕೊಂಡೆವು.

ಮೊದಲ ಹತ್ತಕ್ಕೆ ತಲೆ ಓಡಿಸಿದೆ. ಒಬ್ಬನಿಗೆ ದೇಶಸೇವೆ ಕೊಟ್ಟೆ, ಒಬ್ಬಳಿಗೆ ಅಜ್ಜಿಯ ಕ್ಯಾನ್ಸರ್, ಒಬ್ಬನಿಗೆ ‘ಮನೆಯವರ ಒತ್ತಾಯ’. ಅದು ನಿಜವೂ ಇರಬಹುದು. ಇಪ್ಪತ್ತರ ಹೊತ್ತಿಗೆ ಸುಳ್ಳು ತೀರಿತು. ಕೊನೆಯದು ಎಂಬತ್ತೇಳನೇ ನಂಬರು. ನಲವತ್ತು ಸಾಲಿಗೂ ಮೇಲಿನಿಂದ ಕೆಳಗೆ ಐದು ಎಳೆದುಬಿಟ್ಟೆ. ಖಾಲಿ ಜಾಗಕ್ಕೆ ಏನೂ ಹೊಳೆಯದೆ ನನ್ನದೇ ಒಂದನ್ನು ಬರೆದು ಮುಗಿಸಿದೆ, ಹೇಗೂ ಯಾರೂ ಓದುವುದಿಲ್ಲವೆಂದು.

ಅಪರ್ಣಾ ಮೇಡಂ ಎಣಿಸಿ ನೋಡಿ ಸಮೋಸ ತರಿಸಿದರು. ಹೇಗೆ ಇಷ್ಟು ಬೇಗ ಬಂತೆಂದು ಕೇಳಲಿಲ್ಲ.

ಫೆಬ್ರವರಿ 24, ಮಂಗಳವಾರ

ಇವತ್ತು ಚಂದ್ರಬಾಯಿ ಬರಲಿಲ್ಲ. ಎರಡು ವಾರದ ಮಾತ್ರೆಯಷ್ಟೇ ಕೊಟ್ಟಿದ್ದು, ಅದು ಇಂದಿಗೆ ಮುಗಿದಿರಬೇಕು. ನನಗೇನು.

ಪ್ರಶ್ನೆ: ನೂರ ನಲವತ್ತು.

ಮಾರ್ಚ್ 5, ಗುರುವಾರ

ಇವತ್ತಿನದನ್ನು ಕ್ರಮವಾಗಿ ಬರೆಯುತ್ತೇನೆ.

ಹನ್ನೊಂದಕ್ಕೆ ವಿಭಾಗದ ಮುಖ್ಯಸ್ಥರು ಕರೆಸಿದರು. ವಿದ್ಯಾರ್ಥಿಗಳ ಕಷ್ಟಸುಖ ನೋಡುವ ಸಮಿತಿಗೂ ಅವರೇ ಅಧ್ಯಕ್ಷರು. ಕೋಣೆಯಲ್ಲಿ ಐವತ್ತು ದಾಟಿದ ಒಬ್ಬರು ಕುರ್ಚಿಯ ತುದಿಯಲ್ಲಿ ಕೂತಿದ್ದರು, ಬಿಳಿ ಅರ್ಧ ತೋಳಿನ ಅಂಗಿ, ಜೇಬಿನಲ್ಲಿ ಎರಡು ಪೆನ್ನು. ನೋಡಿದೊಡನೆ ಗೊತ್ತಾಯಿತು ಹೋಟೆಲಿನವರೆಂದು. ಮುಖ್ಯಸ್ಥರು ನನ್ನ ಕಡೆ ತಿರುಗಿ, “ತುಮ್ಚ್ಯಾಕಡ್ಚೇ ಆಹೇತ್, ತೂಚ್ ಸಾಂಗ್” ಎಂದರು. ನಿಮ್ಮ ಕಡೆಯವರು, ನೀನೇ ಹೇಳು ಎಂದು.

ಅವರ ಹೆಸರು ಚೆನ್ನಯ. ಉಡುಪಿ ಕಡೆಯವರು, ಕಲ್ಯಾಣದಲ್ಲಿ ಹೋಟೆಲು. “ಊರು ಓಲು?”, ಊರೆಲ್ಲಿ ಎಂದು ತುಳುವಿನಲ್ಲೇ ಶುರು ಮಾಡಿದರು, ಮುಂದಿನದನ್ನು ಕನ್ನಡದಲ್ಲಿ ಬರೆದುಕೊಳ್ಳುತ್ತೇನೆ. ಮಗ ಸುಜನ್ ಎರಡನೇ ವರ್ಷ. ನವೆಂಬರಿನಿಂದ ವಾರಕ್ಕೊಂದು ದಿನ ಬಂದರೆ ಬಂದ. ನನಗೆ ಆಗುವುದಿಲ್ಲ, ಒಂದು ವರ್ಷ ಬಿಡುತ್ತೇನೆ ಎಂದು ಸಮಿತಿಗೆ ಅರ್ಜಿ ಹಾಕಿದ್ದಾನೆ. ಅದಕ್ಕೆ ಅಪ್ಪನ ಸಹಿ ಬೇಕು, ಇವರು ಹಾಕುವುದಿಲ್ಲ.

ಮುಖ್ಯಸ್ಥರು ಫೈಲಿನಿಂದ ಫಾರ್ಮೊಂದನ್ನು ತೆಗೆದರು. “ಈ ಹುಡುಗನಿಗೆ ಏನೂ ತೊಂದರೆಯಿಲ್ಲ. ಹದಿನೈದು ದಿನದ ಹಿಂದೆ ನಮ್ಮ ವಿಭಾಗದ ಸರ್ವೆಗೆ ತಾನೇ ಬರೆದಿದ್ದಾನೆ, ನಲವತ್ತಕ್ಕೆ ನಲವತ್ತೂ ಐದು. ಓದಿ ಹೇಳು ಅವರಿಗೆ, ಅವರಿಗೆ ಇಂಗ್ಲಿಷ್ ಅಷ್ಟು ಬರಲ್ಲ.”

ಮೇಲೆ ಎಂಬತ್ತೇಳು ಎಂದಿತ್ತು. ನನ್ನ ಹಸಿರು ಪೆನ್ನು.

ಓದಿದೆ. ನಾನು ಬರೆದದ್ದನ್ನು ನಾನೇ ತುಳು ಮಾಡಿ ಹೇಳಿದೆ. ‘ನನ್ನ ಅಪ್ಪ ಇಪ್ಪತ್ತಾರು ವರ್ಷದಿಂದ ಹೋಟೆಲಿನ ಕೌಂಟರಿನಲ್ಲಿ ನಿಂತಿದ್ದಾರೆ. ಮನೆಗೆ ಬರುವಾಗ ಅವರ ಕಾಲು ಊದಿಕೊಂಡಿರುತ್ತದೆ. ಚಿಕ್ಕಂದಿನಲ್ಲಿ ಒಂದು ದಿನ ಬೆರಳಿನಿಂದ ಒತ್ತಿ ನೋಡಿದೆ. ಗುಳಿ ಬಿತ್ತು, ಬೆರಳು ತೆಗೆದರೂ ಹಾಗೇ ಇತ್ತು. ಅದು ಯಾಕೆ ಹಾಗೆ ಉಳಿಯುತ್ತದೆಂದು ನನಗೆ ತಿಳಿಯಬೇಕಿತ್ತು. ಯಾರನ್ನು ಕೇಳಿದರೂ ಹೇಳಲಿಲ್ಲ.’

ಚೆನ್ನಯ ಬಗ್ಗಿ ಪ್ಯಾಂಟನ್ನು ಒಂದಿಷ್ಟು ಮೇಲೆತ್ತಿ ತಮ್ಮ ಪಾದ ನೋಡಿಕೊಂಡರು. ಊದಿತ್ತು. “ಇವ ಯಾವಾಗ ನೋಡಿದ್ದು ಇದನ್ನು? ನನಗೆ ಗೊತ್ತೇ ಇಲ್ಲ” ಎಂದರು. ಕಣ್ಣು ಒರೆಸಿಕೊಂಡು ಫೋನಿನಲ್ಲಿ ಫಾರ್ಮಿನ ಫೋಟೊ ತೆಗೆದರು, ಮಗನ ಫೋಟೊ ನನಗೆ ತೋರಿಸಿದರು. “ಡಾಕ್ಟರಾದ್ರೆ ಅಕ್ಷರ ಹಾಳಾಗ್ತದೆ ಅಂತಾರೆ, ಇವನದ್ದು ಚಂದ ಆಗಿದೆ. ಮನಸ್ಸುಂಟು ಮಗನಿಗೆ. ನಾನು ಸೈನ್ ಹಾಕುದಿಲ್ಲ ಸರ್. ನಾಳೆಯಿಂದ ಬರ್ತಾನೆ.”

ಮುಖ್ಯಸ್ಥರು ನನಗೆ ಥ್ಯಾಂಕ್ಸ್ ಹೇಳಿದರು. ನಾನು ಫಾರ್ಮನ್ನು ಅವರ ಫೈಲಿಗೇ ವಾಪಸ್ ಇಟ್ಟು ಹೊರಬಂದೆ.

ಮಾರ್ಚ್ 6, ಶುಕ್ರವಾರ

ಲತೀಶನಿಗೆ ಹೇಳಿದೆ. ಅವನು ಟೀ ಲೋಟ ಕೆಳಗಿಟ್ಟು, “ಅರೇ, ನೀನು ಆ ಹುಡುಗನಿಗೆ ಉಪಕಾರವೇ ಮಾಡಿದ್ದೀ. ಎರಡನೇ ವರ್ಷದಲ್ಲಿ ಯಾರಿಗೆ ಬಿಡಬೇಕು ಅನ್ಸಲ್ಲ? ನನಗೂ ಅನ್ಸಿತ್ತು. ಹೋಗತ್ತೆ” ಎಂದ. ನನಗೂ ಅನ್ನಿಸಿತ್ತು, ಹೋಯಿತು. ಅವನು ಹೇಳಿದ್ದು ಸರಿಯಿರಬಹುದು. ಈ ವಾಕ್ಯವನ್ನು ಮೂರು ಸಲ ಬರೆದು ಹೊಡೆದುಹಾಕಿದೆ.

ಮಾರ್ಚ್ 10, ಮಂಗಳವಾರ

ಠಾಣೆಯಲ್ಲಿ ನವಿ ಮುಂಬಯಿಯ ಪ್ಲಾಟ್‌ಫಾರ್ಮಿಗೆ ಇಳಿದಾಗ ಬೆಂಚಿನ ಮೇಲೆ ಅವನನ್ನು ಕಂಡೆ. ಚೆನ್ನಯ ತೋರಿಸಿದ ಫೋಟೊದಲ್ಲಿದ್ದದ್ದಕ್ಕಿಂತ ಬಹಳ ಇಳಿದಿದ್ದ. ತೊಡೆಯ ಮೇಲೆ ಮಡಿಸಿದ ಬಿಳಿ ಕೋಟು. ಗಾಡಿ ಬಂತು, ನಾನು ಹತ್ತಬೇಕಿತ್ತು. ಅವನು ಏಳಲಿಲ್ಲ. ನಾನೂ ನಿಂತೆ. ಗಾಡಿ ಹೋಯಿತು.

“ನೀನು ಸುಜನ್ ಅಲ್ವಾ? ನಾನು ಇಂಟರ್ನ್, ಪ್ರಣೀತಾ. ಕನ್ನಡ ಬರ್ತದಾ?”

“ಸಮಝ್ತಾ ಹೂಂ. ಬೋಲ್ದಾಗ ತಪ್ಪಾಗ್ತದೆ.”

“ಗಾಡಿ ಹೋಯ್ತಲ್ಲ.”

“ದೂಸ್ರಾ ಆಯೇಗಾ.”

ಇನ್ನೊಂದು ಬಂತು, ಅದೂ ಹೋಯಿತು. ಬೆಂಚಿನಲ್ಲಿ ಅವನ ಪಕ್ಕ ಕೂತೆ. ದಿನಾ ಹೀಗೇ ಅಂತೆ. ಅಪ್ಪ ಕಲ್ಯಾಣದಲ್ಲಿ ಗಾಡಿ ಹತ್ತಿಸಿ ಹೋಗುತ್ತಾರೆ, ಠಾಣೆಯಲ್ಲಿ ಇಳಿಯುತ್ತಾನೆ, ಮುಂದಿನದಕ್ಕೆ ಹತ್ತಲಾಗುವುದಿಲ್ಲ. ಹತ್ತೂವರೆಗೆ ವಾಪಸ್.

ಫಾರ್ಮಿನ ಮಾತು ಅವನೇ ತೆಗೆದ. “ಪಪ್ಪಾಗೆ ಬೋಲಾ, ಅದು ನಾನು ಬರ್ದಿಲ್ಲ ಅಂತ. ಪಪ್ಪಾ ಹೇಳ್ತಾರೆ ನಿನಗೆ ಶರಮ್ ಆಗ್ತದೆ, ಅದಕ್ಕೇ ಸುಳ್ಳು ಹೇಳ್ತೀ ಅಂತ. ಫ್ಯಾಮಿಲಿ ಗ್ರೂಪಲ್ಲಿ ಹಾಕಿದ್ದಾರೆ, ಸಬ್ ಅಳ್ತಾ ಇದ್ದಾರೆ.” ಕೋಟಿನ ಮಡಿಕೆ ಸರಿಪಡಿಸುತ್ತಾ, “ಪಪ್ಪಾನ ಕಾಲು ನಾನು ಕಭೀ ನೋಡೇ ಇಲ್ಲ, ಮ್ಯಾಮ್. ಯಾರ್ ಭೀ ಬರ್ದಿದ್ರೂ, ಅವನು ನನಗಿಂತ ಒಳ್ಳೇ ಮಗ” ಎಂದ.

ನನಗೆ ಅಲ್ಲೇ ಹೇಳಿಬಿಡಬೇಕೆನಿಸಿತು. ಅದಕ್ಕಿಂತ ಮೊದಲು ಕೇಳಬೇಕಾದ್ದು ಇತ್ತು. ನಿದ್ದೆ ಎಷ್ಟು, ಎಷ್ಟು ಹೊತ್ತಿಗೆ ಎಚ್ಚರವಾಗುತ್ತದೆ, ಊಟ ಸೇರುತ್ತದಾ, ಮೊದಲು ಏನು ಇಷ್ಟವಿತ್ತು, ಈಗ ಅದೂ ಬೇಡವಾ. ನಾಲ್ಕಕ್ಕೆ ಎಚ್ಚರವಾಗುತ್ತದಂತೆ. ಹತ್ತು ಕಿಲೊ ಇಳಿದಿದ್ದಾನೆ. ಕೇರಂ ಆಡುತ್ತಿದ್ದನಂತೆ, ಈಗ ಬೋರ್ಡು ಗೋಡೆಗೆ ಒರಗಿಸಿಟ್ಟಿದೆ. ಸಾಯಬೇಕು ಅನ್ನಿಸುತ್ತದಾ ಎಂದು ನೇರವಾಗಿ ಕೇಳಿದೆ.

“ರೋಜ್ ನಹೀಂ” ಎಂದ. ದಿನಾ ಅಲ್ಲ ಎಂದು.

ಆ ಫಾರ್ಮ್ ಬರೆದದ್ದು ನಾನು ಎಂದು ಆಗ ಹೇಳಿದೆ. ಅವನು ತಿರುಗಿ ನನ್ನನ್ನೇ ನೋಡಿದ. ಬೈಯಲಿಲ್ಲ. “ಸಚ್?” ಎಂದು ಮಾತ್ರ ಕೇಳಿದ. ಆಮೇಲೆ ಮುಖ ಮುಚ್ಚಿಕೊಂಡು ಅತ್ತ. ಪಕ್ಕದಲ್ಲಿದ್ದ ಹೆಂಗಸು ನೀರಿನ ಬಾಟಲಿ ಕೊಟ್ಟಳು.

ಮುಂದಿನ ಗಾಡಿಗೆ ಇಬ್ಬರೂ ಹತ್ತಿದೆವು. ಮನೋರೋಗ ವಿಭಾಗದ ಓಪಿಡಿಯಲ್ಲಿ ಅವನ ಸರದಿ ಬರಲು ಎರಡೂವರೆ ಗಂಟೆ ಹಿಡಿಯಿತು. ಅಲ್ಲಿಯ ಡಾಕ್ಟರು ಮಾತ್ರೆ ಶುರು ಮಾಡಿದರು, ಒಬ್ಬನನ್ನೇ ಬಿಡಬೇಡಿ, ಕಾಲೇಜಿನಿಂದ ಬಿಡುವು ಬೇಕೇ ಬೇಕು ಎಂದರು. ಅವನ ಅಪ್ಪನಿಗೆ ಅವರೇ ಫೋನ್ ಮಾಡಿದರು. ಆಚೆಯಿಂದ ಚೆನ್ನಯ ಹೇಳಿದ್ದು ನನಗೂ ಕೇಳಿಸಿತು: “ಮಾತ್ರೆ ಕೊಡಿ ಡಾಕ್ಟ್ರೇ, ಬೇಡ ಹೇಳುದಿಲ್ಲ. ಕಾಲೇಜು ಬಿಡುದು ಆಗುದಿಲ್ಲ. ಅವನೇ ಬರೆದ ಕಾಗದ ನನ್ನ ಹತ್ರ ಉಂಟು.” ಅವನ ತಾಯಿ ಬಂದು ಕರೆದುಕೊಂಡು ಹೋದರು.

ಆರೋಗ್ಯ ಕೇಂದ್ರಕ್ಕೆ ಹೋಗಲಾಗಲಿಲ್ಲ. ಚಂದ್ರಬಾಯಿ ಬಂದಿದ್ದಳಾ ಎಂದು ಲತೀಶನಿಗೆ ಮೆಸೇಜ್ ಹಾಕಿದೆ. ಬಂದಿದ್ದಳಂತೆ. ಮೊಮ್ಮಗ ಮಾತಾಡಿದನಾ ಎಂದು ಕೇಳಿದೆ. ‘ನನಗೇನು ಗೊತ್ತು, ಬಿಪಿ ನೂರ ಎಪ್ಪತ್ತು’ ಎಂದು ಉತ್ತರ ಬಂತು. ಇಷ್ಟೂ ತಿಳಿದುಕೊಳ್ಳಲಾಗದಿದ್ದರೆ ಇವನು ಅಲ್ಲಿ ಕೂತು ಮಾಡುವುದಾದರೂ ಏನು.

ಮಾರ್ಚ್ 11, ಬುಧವಾರ

ಮುಖ್ಯಸ್ಥರ ಕೋಣೆಯ ಬಾಗಿಲಲ್ಲಿ ನಿಂತಾಗ ಹನ್ನೊಂದು ದಿನದ ಲೆಕ್ಕವೇ ತಲೆಯಲ್ಲಿತ್ತು. ಸುಳ್ಳು ಹೇಳುವುದಿಲ್ಲ, ಎರಡು ಸಲ ಹಿಂದೆ ಹೋದೆ. ಒಂದು ಸಲ ಲಿಫ್ಟಿನವರೆಗೂ ಹೋದೆ.

“ಸರ್, ಎಂಬತ್ತೇಳನೇ ನಂಬರಿನ ಫಾರ್ಮು...” ಎನ್ನುತ್ತಿದ್ದಂತೆ ಅವರು ಕೈ ಎತ್ತಿ ತಡೆದರು. ಕನ್ನಡಕ ತೆಗೆದು ಕಣ್ಣು ತಿಕ್ಕಿಕೊಂಡರು. ಅವರೂ ದಣಿದಿದ್ದರು, ನಾನು ಅದನ್ನು ಗಮನಿಸಿದ್ದು ಮೊದಲ ಸಲ.

“ನೋಡು ಪ್ರಣೀತಾ, ನೀನು ಏನು ಹೇಳಲಿಕ್ಕೆ ಬಂದಿದ್ದೀ ಅಂತ ನನಗೆ ಅಂದಾಜಿದೆ. ನಾನೂ ಇಂಟರ್ನ್ ಆಗಿದ್ದವನೇ. ಆದರೆ ನೀನು ಬಾಯಿಬಿಟ್ಟು ಹೇಳಿದರೆ ನನಗೆ ಗೊತ್ತಾದ ಹಾಗೆ. ಗೊತ್ತಾದ ಮೇಲೆ ನಾನು ಏನಾದರೂ ಮಾಡಲೇಬೇಕು. ನನಗೆ ಗೊತ್ತಾಗಲೇಬೇಕಾ?”

“ಗೊತ್ತಾಗಬೇಕು ಸರ್.”

ಬರೆದು ಕೊಡು ಎಂದರು. ಬರೆದೆ, ನನ್ನ ಇಪ್ಪತ್ತೊಂಬತ್ತರ ಬಗ್ಗೆ ಮಾತ್ರ. ಅವರು ಅದನ್ನು ಎರಡು ಸಲ ಓದಿ, ಕೆಳಗೆ ‘ಇಂಟರ್ನ್‌ಶಿಪ್ ಮೂವತ್ತು ದಿನ ವಿಸ್ತರಣೆ’ ಎಂದು ಬರೆದು ಸಹಿ ಹಾಕಿದರು. ಆ ಫಾರ್ಮನ್ನು ಸಮಿತಿಯ ಫೈಲಿನಿಂದ ನನ್ನೆದುರಿಗೇ ತೆಗೆದರು. “ಬಿಡುವಿಗೆ ಸಮಿತಿಯ ಅಡ್ಡಿಯಿಲ್ಲ. ಆದರೆ ಅಪ್ಪನ ಸಹಿ ಇಲ್ಲದೆ ಆಗಲ್ಲ. ಅವರಿಗೆ ನಾನು ಫೋನ್ ಮಾಡಲಾ?”

ನಾನೇ ಹೋಗಿ ಹೇಳುತ್ತೇನೆ ಎಂದೆ.

ಅಪರ್ಣಾ ಮೇಡಂ ಕಾರಿಡಾರಿನಲ್ಲಿ ಎದುರಾದರು. ಅವರ ಥೀಸಿಸೂ ಈ ತಿಂಗಳು ಹೋಗುವುದಿಲ್ಲ. “ನಿನ್ನ ಮನಸ್ಸು ಹಗುರವಾಯ್ತಲ್ಲ, ಸಾಕು” ಎಂದು ಹೇಳಿ ಹೋದರು. ಹಗುರವೇನೂ ಆಗಿಲ್ಲ. ಒಂದು ವರ್ಷ ಹೋಯಿತು. ರೈಲಿನಲ್ಲಿ ಕೂತು ಅತ್ತೆ, ಐರೋಲಿಯಿಂದ ಠಾಣೆಯವರೆಗೆ. ಅಪ್ಪನಿಗೆ ಇನ್ನೂ ಹೇಳಿಲ್ಲ.

ಮಾರ್ಚ್ 12, ಗುರುವಾರ

ಮೂರು ಗಂಟೆಗೆ ಕಲ್ಯಾಣ. ಊಟದ ಗದ್ದಲ ಇಳಿದಿತ್ತು. ಚೆನ್ನಯ ಕೌಂಟರಿನಿಂದ ಎದ್ದು ಬಂದು, “ಬಾ ಬಾ, ನಮ್ಮ ಡಾಕ್ಟ್ರು ಬಂದ್ರು” ಎಂದು ಫ್ಯಾಮಿಲಿ ರೂಮಿನಲ್ಲಿ ಕೂರಿಸಿದರು. ನಾನು ಬೇಡವೆಂದರೂ ಕಾಫಿ, ನೀರುದೋಸೆ ಬಂತು. ಅದು ಮೇಜಿನ ಮೇಲಿರುವಾಗಲೇ ಹೇಳಬೇಕಾಯಿತು.

ತುಳುವಿನಲ್ಲಿ ಹೇಳಿದೆ. ಆ ಕಾಗದ ಸುಜನ್ ಬರೆದದ್ದಲ್ಲ, ನಾನು ಬರೆದದ್ದು. ಆ ಕಾಲು ನನ್ನ ಅಪ್ಪನದು. ಆ ಕಾಗದವನ್ನು ಅವನು ಮುಟ್ಟಿಯೂ ಇಲ್ಲ. ಅವನು ಪ್ಲಾಟ್‌ಫಾರ್ಮಿನಲ್ಲಿ ನನಗೆ ಹೇಳಿದ್ದನ್ನೂ ಹೇಳಿದೆ. ಅಪ್ಪನಿಗೆ ಹೇಳುತ್ತೇನೆಂದು ಬೆಳಿಗ್ಗೆ ಫೋನಿನಲ್ಲಿ ಅವನನ್ನು ಕೇಳಿಯೇ ಬಂದಿದ್ದೆ. ‘ಬೋಲ್ ದೋ’, ಹೇಳಿಬಿಡಿ, ಎಂದಿದ್ದ.

ಅವರು ಫೋನ್ ತೆಗೆದರು, ಆ ಫೋಟೊ ಹುಡುಕಿದರು, ಹಿಗ್ಗಿಸಿ ನೋಡಿದರು. ನನಗೆ ಬೈಯಲಿ ಎಂದು ಕಾದೆ. ನಾಲ್ಕು ಮಾತು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರು ಫೋನನ್ನು ಮೇಜಿನ ಮೇಲೆ ಬೋರಲು ಹಾಕಿದರು.

“ಅವ ಹೇಳಿದ್ದ. ಒಂದು ಸಲ ಅಲ್ಲ. ಅವನ ಅಮ್ಮನ ಹತ್ರ ಹೇಳಿದ, ನನ್ನ ಹತ್ರ ಹೇಳಿದ, ಕೈ ಮುಗಿದು ಸಹ ಹೇಳಿದ. ನಾನು ನಂಬ್ಲಿಲ್ಲ. ಕಾಗದ ಬಂತು, ಅದನ್ನು ನಂಬಿದೆ. ಈಗ ನೀನು ಬಂದು ಅದು ಸುಳ್ಳು ಅಂತ ಹೇಳಿದಿ, ಕೂಡ್ಲೇ ನಂಬಿದೆ. ನೀನು ಯಾರು ನನಗೆ? ಅವನನ್ನು ಮಾತ್ರ ಒಂದು ಸಲವೂ ನಂಬ್ಲಿಲ್ಲ ನೋಡು.”

ಅವರು ಎದ್ದು ಹಿಂದಿನ ಮೆಟ್ಟಿಲು ಹತ್ತಿ ಹೋದರು. ಮನೆ ಹೋಟೆಲಿನ ಮೇಲೆಯೇ. ಇಪ್ಪತ್ತು ನಿಮಿಷ ಕಳೆಯಿತು. ದೋಸೆ ತಿಂದೆ, ಬಿಟ್ಟೇಳುವುದು ಸರಿಯಲ್ಲ ಎನಿಸಿತು.

ಬಂದವರೇ, “ಮಲಗಿದ್ದಾನೆ. ಅವನ ಅಮ್ಮ ಹತ್ರವೇ ಇದ್ದಾಳೆ. ಹೀಗೆ ನಿದ್ದೆ ಮಾಡಿದ್ದು ನೋಡದೆ ಎಷ್ಟೋ ದಿನ ಆಯ್ತು” ಎಂದರು. ಮುಖ್ಯಸ್ಥರು ಕೊಟ್ಟು ಕಳಿಸಿದ್ದ ಬಿಡುವಿನ ಅರ್ಜಿಯನ್ನು ನಾನು ಚೀಲದಿಂದ ತೆಗೆದು ಸಹಿಯ ಜಾಗ ತೋರಿಸಿದೆ. ಅವರು ಜೇಬಿನ ಪೆನ್ನಿಗೆ ಕೈ ಹಾಕಿ, ಹಾಗೇ ಬಿಟ್ಟರು.

“ಈಗ ಹಾಕಿದ್ರೆ ಅದು ನಿನ್ನ ಮಾತಿಗೆ ಹಾಕಿದ ಹಾಗೆ. ಇದು ಇಲ್ಲಿರ್ಲಿ. ಅವ ಏಳ್ಲಿ. ನೀನು ಹೇಳಿದ್ದೆಲ್ಲ ಬದಿಗಿಟ್ಟು ಅವನನ್ನೇ ಕೇಳ್ತೇನೆ. ಅವನ ಬಾಯಿಂದ ಪೂರ್ತಿ ಕೇಳಿ ಹಾಕ್ತೇನೆ.”

ಫ್ಯಾಮಿಲಿ ರೂಮಿನಿಂದ ಒಂದು ಕುರ್ಚಿ ಎತ್ತಿಕೊಂಡು, ಅವನ ಮಂಚದ ಹತ್ತಿರ ಹಾಕಿಕೊಳ್ಳಲು ಮತ್ತೆ ಮೆಟ್ಟಿಲು ಹತ್ತಿದರು.